ಕೀಗೆ ಓಗೊಡದ ಟ್ರ್ಯಾಕ್ಟರ್

ಶಿಷ್ಯ ಕೇಳಿದ್ದು ತೊಡಕು ಎಂದೋ, ತೊಡರು ಎಂದೋ. ನಾನು ಹುಟ್ಟಿದ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಪದವಿತ್ತು. ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ಈಗಿರುವ ಊರಿನಲ್ಲಿ ಕೇಳಿದರೆ ಹೇಳುವವರಿಲ್ಲ. ಇರಲಿ, ತೊಡಕು ಎಂದೇ ಇಟ್ಟುಕೊಳ್ಳೋಣ. ಪ್ರಶ್ನೆ ಇದು:

“ಗುರುಗಳೇ, ತೊಡಕು ಎಲ್ಲಿದೆ ಎಂದು ಹುಡುಕುವುದು ಹೇಗೆ?”

ಯಾವ ತೊಡಕು ಎಂದು ಗುರುಗಳು ವಿಚಾರಿಸಿದರು. ಶಿಷ್ಯ ಹೇಳಿಕೊಂಡ. ಮಠದ ತೋಟಕ್ಕೆ ನೀರು ಕಟ್ಟುವವರು ಅವನು ಮತ್ತು ಚನ್ನವೀರ, ಇಬ್ಬರೇ. ಒಟ್ಟಿಗೆ ಮಠಕ್ಕೆ ಸೇರಿದವರು, ಒಂದೇ ಕಂಬಳಿ ಹೊದ್ದು ಬೆಳೆದವರು. ಈಗ ಕೆಲವು ದಿನಗಳಿಂದ ಚನ್ನವೀರ ಅವನೊಂದಿಗೆ ಮಾತು ಬಿಟ್ಟಿದ್ದಾನೆ. ಗುದ್ದಲಿ ಕೇಳಿದರೆ ಕೊಡುತ್ತಾನೆ, ಬಾಯಿ ಮಾತ್ರ ತೆರೆಯುವುದಿಲ್ಲ. ಮೈ ಸರಿಯಿಲ್ಲವೇನೋ ಎಂದು ಶಿಷ್ಯ ನೋಡಿದ, ಮೈ ಸರಿಯಾಗಿಯೇ ಇತ್ತು. ಮನೆಯಿಂದ ಕೆಟ್ಟ ಸುದ್ದಿ ಬಂತೇನೋ ಎಂದು ವಿಚಾರಿಸಿದ, ಬಂದಿರಲಿಲ್ಲ. ಯಾರಾದರೂ ಚಾಡಿ ಹೇಳಿದರೇನೋ ಎಂದು ಒಬ್ಬೊಬ್ಬರನ್ನೂ ಕೇಳಿದ, ಯಾರೂ ಹೇಳಿರಲಿಲ್ಲ. ಇನ್ನು ಉಳಿದಿರುವುದು ಒಂದೇ ದಾರಿ ಎಂದು ಶಿಷ್ಯ ನಿಶ್ಚಯಿಸಿದ್ದ. ನಾಳೆ ಊಟದ ಪಂಕ್ತಿಯಲ್ಲಿ, ಎಲ್ಲರೂ ಕೂತಿರುವಾಗ, ಚನ್ನವೀರನನ್ನು ನಿಲ್ಲಿಸಿ ಕೇಳಿಬಿಡುವುದು. ಅಷ್ಟು ಜನರ ಮುಂದೆ ಅವನು ಬಾಯಿ ಬಿಡಲೇಬೇಕು.

ಗುರುಗಳು ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೂತುಕೋ ಎಂದು ಹೇಳಿ, ಒಂದು ಕತೆ ಹೇಳಿದರು.

ಗುಡ್ಡದ ತಪ್ಪಲಿನ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಬಳಿ ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಬೇರೆಯವರು ದುಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದ. ಎಂಜಿನ್ ಗಟ್ಟಿ. ಬ್ಯಾಟರಿ ಮಾತ್ರ ಸತ್ತಂತೆ. ಕೀಯನ್ನು ನಂಬಬೇಡಿ ಎಂದು ಮಾರಿದವನೇ ಹೇಳಿ ಕಳಿಸಿದ್ದ.

ಆ ಊರಿನವರಿಗೆ ಇದೇನು ಹೊಸದಲ್ಲ. ಅಲ್ಲಿ ಹಳೆಯ ಟ್ರ್ಯಾಕ್ಟರುಗಳನ್ನು ನಡೆಸುವ ರೀತಿಯೇ ಬೇರೆ. ಸಂಜೆ ಗಾಡಿಯನ್ನು ಇಳಿಜಾರಿನಲ್ಲಿ, ಮೂತಿ ಕೆಳಗಾಗಿ ನಿಲ್ಲಿಸುತ್ತಾರೆ. ಸವೆದ ಹ್ಯಾಂಡ್ ಬ್ರೇಕು ಹಿಡಿಯುವುದಿಲ್ಲವೆಂದು ಗೇರಿನಲ್ಲಿಯೇ ಬಿಡುತ್ತಾರೆ, ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಡುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಸೀಟಿನ ಮೇಲೆ ಕೂತು ಕ್ಲಚ್ ಒತ್ತಿದರೆ ಗಾಡಿ ತಾನಾಗಿಯೇ ಉರುಳುತ್ತದೆ. ಓಟ ಹಿಡಿದಾಗ ಕ್ಲಚ್ ಬಿಟ್ಟರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಕೀ ಬೇಡ, ಬ್ಯಾಟರಿ ಬೇಡ. ರೈತನೂ ಹಾಗೆಯೇ ನಡೆಸಿಕೊಂಡು ಬಂದ. ವರ್ಷಗಳು ಕಳೆದವು. ಅದು ಅವನಿಗೆ ಅಭ್ಯಾಸವಾಗಿಹೋಯಿತು.

ರಾಗಿಯ ಒಕ್ಕಣೆಯ ಕಾಲ ಬಂತು. ಆ ಊರಿನಲ್ಲಿ ಒಕ್ಕಣೆಗೆ ಕೂಲಿಯಿಲ್ಲ, ಮುಯ್ಯಿ. ಇವತ್ತು ಎಲ್ಲರೂ ನನ್ನ ಕಣಕ್ಕೆ ಬಂದರೆ ನಾಳೆ ನಾನು ನಿನ್ನ ಕಣಕ್ಕೆ, ನಾಡಿದ್ದು ನೀನು ಇನ್ನೊಬ್ಬರ ಕಣಕ್ಕೆ. ಸರದಿ ತಪ್ಪಿದರೆ ಕೊನೆಯವರೆಗೆ ಕಾಯಬೇಕು. ತನ್ನ ಸರದಿಯ ದಿನ ಗಾಡಿ ಕೈಕೊಡಬಾರದೆಂದು ರೈತ ಹಿಂದಿನ ದಿನವೇ ಪೇಟೆಗೆ ಹೋಗಿ ಹೊಸ ಬ್ಯಾಟರಿ ಹಾಕಿಸಿದ. ಅಂಗಡಿಯವನೇ ಸೀಟಿನ ಮೇಲೆ ಕೂತು ಕೀ ತಿರುಗಿಸಿದ. ರೈತ ಆಗ ಕೆಳಗೆ ಬಗ್ಗಿ ಹಳೆಯ ಬ್ಯಾಟರಿಯನ್ನು ಗೋಣಿಚೀಲಕ್ಕೆ ಹಾಕುತ್ತಿದ್ದ. ಎಂಜಿನ್ನಿನ ಸದ್ದು ಕೇಳಿ ತಲೆಯೆತ್ತಿದ. ಅವನ ಮುಖ ಅರಳಿತು.

ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಇನ್ನು ಉರುಳಿಸುವ ಕೆಲಸವಿಲ್ಲ, ಕಲ್ಲು ಹುಡುಕುವ ಕೆಲಸವಿಲ್ಲ, ಕೀ ಮುಟ್ಟಿದರೆ ಸಾಕು ಎಂದ. ಕಣದ ಮೇಲ್ಗಡೆಯ ಇಳಿಜಾರಿಗೆ ಬಂದು ಎಂದಿನಂತೆ ನಿಲ್ಲಿಸಿದ. ಎಂದಿನಂತೆ ಚಕ್ರಕ್ಕೆ ಕಲ್ಲನ್ನೂ ಕೊಟ್ಟ. ಮನೆಗೆ ಹೋಗಿ ಮಲಗಿದ.

ಬೆಳಿಗ್ಗೆ ಮುಯ್ಯಾಳುಗಳು ಬಂದರು. ಕಣದ ತುಂಬ ರಾಗಿಯ ತೆನೆ ಹರಡಿದರು. ಕವೆಗೋಲು ಹಿಡಿದು, ಟ್ರ್ಯಾಕ್ಟರ್ ಇಳಿದು ಬರಲೆಂದು ಕಾಯುತ್ತ ನಿಂತರು. ರೈತ ಸೀಟಿನ ಮೇಲೆ ಹತ್ತಿ ಕೂತು, ಎಲ್ಲರೂ ನೋಡಲಿ ಎಂಬಂತೆ ಕೈಯೆತ್ತಿ, ಕೀ ತಿರುಗಿಸಿದ.

ಏನೂ ಆಗಲಿಲ್ಲ. ಕೆಂಪು ದೀಪ ಹತ್ತಿತು, ಅಷ್ಟೇ. ಟಕ್ ಎನ್ನುವ ಸದ್ದೂ ಇಲ್ಲ. ಮತ್ತೆ ತಿರುಗಿಸಿದ. ಮತ್ತೆ ಅಷ್ಟೇ.

ಕಣದಲ್ಲಿದ್ದ ಮುದುಕಿಯೊಬ್ಬಳು, ಅವನಿಗೆ ದೂರದ ಸಂಬಂಧದಲ್ಲಿ ಅತ್ತೆಯಾಗಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು: “ಹೊಸ ಸೊಸೆ ಕಣಪ್ಪ. ಬಂದ ಮೊದಲನೇ ದಿನ ಮಾತಾಡೋಕೆ ನಾಚಿಕೆ.”

ಎಲ್ಲರೂ ನಕ್ಕರು. ರೈತನೂ ನಕ್ಕ, ಆದರೆ ಅವನ ನಗು ಬೇಗ ನಿಂತಿತು.

ರೈತ ದಡ್ಡನಲ್ಲ. ಕೆಲಸ ಬಲ್ಲವನು, ಕೆಲಸದ ಕ್ರಮವನ್ನೂ ಬಲ್ಲವನು. ಕೆಳಗಿಳಿದು ಹುಡುಕತೊಡಗಿದ. ಮೊದಲು ದೀಪ ಹಾಕಿ ನೋಡಿದ. ದೀಪ ಚೆನ್ನಾಗಿ ಉರಿಯಿತು. ಹಾರ್ನ್ ಒತ್ತಿದ, ಊರಿಗೇ ಕೇಳುವಂತೆ ಕೂಗಿತು. ಬ್ಯಾಟರಿಯಲ್ಲಿ ಬಲವಿದೆ ಎಂದು ತಿಳಿಯಿತು. ದೀಪ ಉರಿಯುತ್ತಿರುವಾಗಲೇ ಕೀ ತಿರುಗಿಸಿದ, ದೀಪ ಮಂಕಾಗಲಿಲ್ಲ. ಬಲವಿದೆ, ಆದರೆ ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರಿನವರೆಗೆ ಅದು ತಲುಪುತ್ತಿಲ್ಲ ಎಂದು ತಿಳಿಯಿತು. ನಡುವೆ ಎಲ್ಲೋ ಕಡಿದಿದೆ.

ಹತ್ತಿರ ನಿಂತು ಬೀಡಿ ಸೇದುತ್ತಿದ್ದವನನ್ನು ದೂರ ಕಳಿಸಿದ. ಬ್ಯಾಟರಿಯ ಬಳಿ ಕಿಡಿ ಆಗದು. ಬೆರಳಿನ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹೆಗಲ ಮೇಲಿನ ಟವೆಲನ್ನು ತೆಗೆದು ಬೇಲಿಗೆ ಹಾಕಿದ, ತಿರುಗುವ ಯಂತ್ರದ ಬಳಿ ನೇತಾಡುವ ಬಟ್ಟೆ ಇರಬಾರದೆಂದು. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿದ, ಪ್ಲಸ್ ತಂತಿಯನ್ನು ಆಮೇಲೆ. ಎರಡೂ ತುದಿಗಳನ್ನು ಉಜ್ಜಿ ಹೊಳಪು ಬರಿಸಿದ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಗಾಡಿಯ ಮೈಗೆ ಬಿಗಿದ ದಪ್ಪ ತಂತಿಯನ್ನು ಅಲುಗಿಸಿ ನೋಡಿದ, ಗಟ್ಟಿಯಾಗಿತ್ತು. ಫ್ಯೂಸ್ ತೆಗೆದು ಬಿಸಿಲಿಗೆ ಹಿಡಿದು ನೋಡಿದ, ಸುಟ್ಟಿರಲಿಲ್ಲ. ಕೀಯ ಹಿಂದಿನ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಯಾವುದೂ ಸಡಿಲವಿಲ್ಲ. ಅಲ್ಲಿಂದ ಒಂದು ಸಣ್ಣ ತಂತಿ ಗೇರ್ ಪೆಟ್ಟಿಗೆಯ ಮಗ್ಗುಲಿಗೆ ಹೋಗಿತ್ತು. ಅದರ ತುದಿಯಲ್ಲಿ ಜಿಡ್ಡು ಮೆತ್ತಿದ ಒಂದು ಪುಟ್ಟ ಸ್ವಿಚ್ಚು. ಅದು ಯಾಕಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಸಂದರ್ಭ ಬಂದಿರಲಿಲ್ಲ. ಜಿಡ್ಡು ಒರೆಸಿದ, ತಂತಿ ಗಟ್ಟಿಯಿದೆಯೆಂದು ನೋಡಿದ, ಮುಂದೆ ಹೋದ.

ಗುರುಗಳು ಇಲ್ಲಿ ಕತೆ ನಿಲ್ಲಿಸಿ, ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ, ತಿಳಿಯಿತೇ ಎಂದರು. ಶಿಷ್ಯ ತಲೆಯಾಡಿಸಿದ. ಹಾಗಾದರೆ ಅಂಗಡಿಯವನೇ ಮೋಸ ಮಾಡಿದನೇ ಎಂದು ಕೇಳಿದ.

ರೈತನಿಗೂ ಹಾಗೆಯೇ ಅನಿಸಿತು ಎಂದು ಗುರುಗಳು ಮುಂದುವರಿಸಿದರು.

ಅಂಗಡಿಯವನು ಕೂತಾಗ ಹೊರಟ ಗಾಡಿ ನಾನು ಕೂತಾಗ ಯಾಕೆ ಹೊರಡುವುದಿಲ್ಲ ಎಂದು ರೈತ ಯೋಚಿಸಿದ. ಅವನೇ ಏನೋ ಸಡಿಲ ಮಾಡಿ ಕಳಿಸಿದ್ದಾನೆ, ಮತ್ತೆ ಅಂಗಡಿಗೆ ಬರಲಿ ಎಂದು ಮಾಡಿದ ಕೆಲಸ. ಹೀಗೆ ಯೋಚಿಸಿದಷ್ಟೂ ಅವನಿಗೆ ಸಿಟ್ಟು ಬಂತು. ಬಿಸಿಲು ಏರುತ್ತಿತ್ತು. ಮುಯ್ಯಾಳುಗಳು ಕಾದು ಕಾದು ತೆನೆಯ ನಡುವೆಯೇ ಕೂತುಬಿಟ್ಟಿದ್ದರು. ಒಬ್ಬಿಬ್ಬರು ಮಲಗಿಯೂ ಇದ್ದರು. ನಾಳಿನ ಸರದಿಯವನು, ಹೀಗಾದರೆ ಇವತ್ತೇ ನನ್ನ ಕಣಕ್ಕೆ ಹೋಗೋಣವೇ ಎಂದು ಮೆಲ್ಲಗೆ ಕೇಳತೊಡಗಿದ್ದ.

ಆಗ ಮುಯ್ಯಾಳೊಬ್ಬ ಮೇಲೆ ಬಂದು ರೈತನ ಕಿವಿಯ ಬಳಿ ಹೇಳಿದ: “ಕೀ ಯಾಕಣ್ಣ ಬೇಕು? ಸೆಲ್ಫ್ ಮೋಟರಿನ ಎರಡು ಮೊಳೆಗೆ ಸ್ಕ್ರೂಡ್ರೈವರ್ ಅಡ್ಡ ಇಡು, ಹೊರಡುತ್ತೆ. ನಮ್ಮ ಭಾವ ದಿನಾ ಹಾಗೇ ಮಾಡೋದು.”

ರೈತನಿಗೂ ಆ ವಿದ್ಯೆ ತಿಳಿದಿತ್ತು. ಅದನ್ನು ಮಾಡಬಾರದೆಂದು ಯಾರೋ ಹೇಳಿದ್ದೂ ತಿಳಿದಿತ್ತು. ಯಾಕೆ ಮಾಡಬಾರದೆಂದು ಯಾರೂ ಹೇಳಿರಲಿಲ್ಲ. ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದ. ಹೇಳಿಕೊಟ್ಟವನು ಕಣಕ್ಕೆ ಇಳಿದು ಹೋಗಿ ತನ್ನ ಕವೆಗೋಲು ಹಿಡಿದ. ರೈತ ಗಾಡಿಯ ಪಕ್ಕಕ್ಕೆ ಹೋಗಿ, ಮುಂದಿನ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ನಡುವಿನ ಜಾಗದಲ್ಲಿ ನಿಂತು ಬಗ್ಗಿದ. ಸೆಲ್ಫ್ ಮೋಟರ್ ಇರುವುದೇ ಅಲ್ಲಿ. ಅದಕ್ಕೆ ಕೈ ಹಾಕಬೇಕೆಂದರೆ ನಿಲ್ಲಬೇಕಾದದ್ದೂ ಅಲ್ಲಿಯೇ.

ಅವನ ಹೆಂಡತಿ ಮಜ್ಜಿಗೆಯ ಕೊಡ ಹೊತ್ತು ಬರುತ್ತಿದ್ದಳು. ಗಂಡ ಬಗ್ಗಿ ನಿಂತಿದ್ದನ್ನು ನೋಡಿದಳು. ಸೀಟಿನ ಕಡೆ ನೋಡಿದಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಸ್ಟಾರ್ಟ್ ಮಾಡುತ್ತಿದ್ದೇನೆ ಎಂದ.

“ಮೇಲೆ ಯಾರೂ ಕೂತಿಲ್ಲವಲ್ಲ. ಅದು ಹೊರಟರೆ ಹಿಡಿಯೋರು ಯಾರು?”

“ಕಲ್ಲು ಕೊಟ್ಟಿದ್ದೀನಿ. ನೀನು ಮಜ್ಜಿಗೆ ಕೊಡೋದನ್ನ ನೋಡು.”

“ಹಾಗಾದರೆ ಮಜ್ಜಿಗೆ ಕೊಟ್ಟು ಬರೋವರೆಗೆ ಇರಿ. ಅಷ್ಟು ಹೊತ್ತು ಕಾದಿದ್ದೀರಿ, ಇನ್ನೊಂದು ಗಳಿಗೆ ಕಾದರೆ ಏನೂ ಹೋಗೋದಿಲ್ಲ.”

ಹೊತ್ತೇ ಹೋಗುತ್ತದೆ ಎಂದು ರೈತ ಗೊಣಗಿದ. ಆದರೂ ನಿಂತ. ಅವಳು ಕಣಕ್ಕೆ ಇಳಿಯಲಿಲ್ಲ. ಇಳಿಜಾರಿನ ಆಚೆ ಬದಿಯಲ್ಲಿ ಒಂದು ಹೊಂಗೆಮರವಿತ್ತು. ಅದರ ಕೆಳಗೆ ಕೊಡ ಇಳಿಸಿ, ಬಿಸಿಲಿನಲ್ಲಿ ಕುಡಿದರೆ ಮಜ್ಜಿಗೆ ಹುಳಿಯಾಗುತ್ತದೆ, ನೆರಳಿಗೆ ಬಂದವರಿಗೆ ಮಾತ್ರ ಕೊಡುತ್ತೇನೆ ಎಂದು ಕರೆದಳು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತು. ಆದರೂ ಎದ್ದರು. ಮಲಗಿದ್ದವರನ್ನು ಅವಳು ಹೆಸರು ಹಿಡಿದು ಕೂಗಿ ಎಬ್ಬಿಸಿದಳು. ಮುದುಕಿ ಅತ್ತೆ, ನನಗೆ ಇಲ್ಲಿಗೇ ತಂದುಕೊಡೆ, ಮೊಣಕಾಲು ಹಿಡಿದಿದೆ ಎಂದಳು. ರೈತನ ಹೆಂಡತಿ ತಂದುಕೊಡಲಿಲ್ಲ. ಹೋಗಿ ಕೈ ಹಿಡಿದು ಎಬ್ಬಿಸಿ ನಡೆಸಿಕೊಂಡು ಬಂದಳು. ಕಣದಲ್ಲಿ ತೆನೆ ಮಾತ್ರ ಉಳಿಯಿತು.

ಎಲ್ಲರ ಕೈಗೂ ಲೋಟ ಬಂದದ್ದನ್ನು ನೋಡಿ ರೈತ ಸ್ಕ್ರೂಡ್ರೈವರನ್ನು ಮೊಳೆಗಳಿಗೆ ಅಡ್ಡ ಇಟ್ಟ.

ದೊಡ್ಡ ಕಿಡಿ ಹಾರಿತು. ಸೆಲ್ಫ್ ಮೋಟರ್ ತಿರುಗಿತು. ಹೊಸ ಬ್ಯಾಟರಿಯ ಪೂರ್ತಿ ಬಲ ಅದರಲ್ಲಿತ್ತು. ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ಹೊತ್ತಿಕೊಂಡದ್ದೇ ತಡ, ಗಾಡಿ ಮುಂದಕ್ಕೆ ನೆಗೆಯಿತು. ಕಲ್ಲನ್ನು ಮಗ್ಗುಲಿಗೆ ತಳ್ಳಿತು. ಹಿಂದಿನ ಚಕ್ರ ರೈತನ ಮೇಲೆ ಬಂತು. ಕಿಡಿಗೆ ಬೆಚ್ಚಿ ಅವನು ಆಗಲೇ ಅರ್ಧ ಹಿಂದೆ ಸರಿದಿದ್ದ. ಅದೇ ಅವನನ್ನು ಉಳಿಸಿತು. ಚಕ್ರದ ಹಲ್ಲು ಅವನ ಚಪ್ಪಲಿಯನ್ನು ಹಿಡಿಯಿತು, ಅವನು ಕಾಲು ಕಿತ್ತುಕೊಂಡು ಬೇಲಿಯ ಮೇಲೆ ಬಿದ್ದ.

ಟ್ರ್ಯಾಕ್ಟರ್ ನಿಲ್ಲಲಿಲ್ಲ. ಇಳಿಜಾರು ಇಳಿದು ಕಣಕ್ಕೆ ನುಗ್ಗಿತು. ಜನ ಕೂತಿದ್ದ ಜಾಗದ ಮೇಲೆ ಹೋಯಿತು, ಮಲಗಿದ್ದ ಜಾಗದ ಮೇಲೂ ಹೋಯಿತು. ಬಿಟ್ಟು ಬಂದಿದ್ದ ಕವೆಗೋಲುಗಳನ್ನು ಮುರಿಯಿತು. ಕಣದ ಆಚೆ ತುದಿಯಲ್ಲಿದ್ದ ಹುಲ್ಲಿನ ಬಣವೆಗೆ ಮೂತಿ ತೂರಿಸಿ, ಉಸಿರುಗಟ್ಟಿ ನಿಂತಿತು.

ಹೊಂಗೆಮರದ ಕೆಳಗೆ ಲೋಟಗಳು ಎಲ್ಲರ ಕೈಯಲ್ಲಿಯೇ ಇದ್ದವು.

ಹೆಂಡತಿ ಗಂಡನ ಬಳಿಗೆ ಬಂದಳು. ಬೈಯಲಿಲ್ಲ. ಅವನ ಎರಡೂ ಪಾದಗಳನ್ನು ಕೈಯಿಂದ ಒತ್ತಿ ನೋಡಿದಳು, ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದಳು. ಎಲುಬು ಮುರಿದಿಲ್ಲ ಎಂದು ಖಚಿತವಾದ ಮೇಲೆಯೇ ಪಾದ ಬಿಟ್ಟಳು. ಅವನೇ ಅವಳನ್ನು ಹಿಡಿದು ಎಬ್ಬಿಸಿದ.

ಎಲ್ಲರೂ ಕೆಳಗೆ ಹೋದರು. ಬಿಸಿಯಾದ ಸೈಲೆನ್ಸರ್ ಹುಲ್ಲಿಗೆ ತಾಗಿದರೆ ಬೆಂಕಿಯೆಂದು ಮೊದಲು ಅದರ ಸುತ್ತಲಿನ ಹುಲ್ಲನ್ನು ಎಳೆದು ದೂರ ಹಾಕಿದರು. ನೀರು ತಂದು ಪಕ್ಕದಲ್ಲಿ ಇಟ್ಟರು. ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟರು. ಆಮೇಲೆ ರೈತ ಸೀಟಿನ ಮೇಲೆ ಹತ್ತಿ ಕೂತ. ಬೆಳಗಿನಿಂದ ಅವನು ಎಲ್ಲೆಲ್ಲಿಯೋ ಹುಡುಕಿದ್ದ, ಆದರೆ ಸೀಟಿನ ಮೇಲೆ ಸುಮ್ಮನೆ ಕೂತು ನೋಡಿರಲಿಲ್ಲ. ಈಗ ನೋಡಿದ. ಗೇರಿನ ಕೋಲು ಮುಂದಕ್ಕೆ ಬಾಗಿತ್ತು. ಗಾಡಿ ಗೇರಿನಲ್ಲಿತ್ತು.

ಕ್ಲಚ್ ಒತ್ತಿ ಕೋಲನ್ನು ನ್ಯೂಟ್ರಲ್ಲಿಗೆ ತಂದ. ಎಲ್ಲರನ್ನೂ ಹಿಂದೆ ಸರಿಯಲು ಹೇಳಿದ. ಕೀ ತಿರುಗಿಸಿದ.

ಮೊದಲ ತಿರುವಿಗೇ ಎಂಜಿನ್ ಮಾತಾಡಿತು.

ಅವನು ತಕ್ಷಣ ಅದನ್ನು ನಿಲ್ಲಿಸಿಬಿಟ್ಟ. ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತ. ಜಿಡ್ಡು ಒರೆಸಿ ಬಿಟ್ಟ ಆ ಪುಟ್ಟ ಸ್ವಿಚ್ಚು ಯಾಕಿತ್ತೆಂದು ಅವನಿಗೆ ಆಗ ಹೊಳೆಯಿತು. ಗಾಡಿ ಗೇರಿನಲ್ಲಿದ್ದರೆ ಅದು ಕೀಯ ಮಾತನ್ನು ಮೋಟರಿಗೆ ತಲುಪಿಸುವುದಿಲ್ಲ. ಮಾಡಿದವರು ಅದಕ್ಕಾಗಿಯೇ ಅದನ್ನು ಅಲ್ಲಿ ಇಟ್ಟಿದ್ದರು. ಬೆಳಗಿನಿಂದ ಗಾಡಿ ಸುಮ್ಮನಿದ್ದದ್ದು ಕೆಟ್ಟು ಅಲ್ಲ. ಕಣದಲ್ಲಿ ಕೂತವರ ಮೇಲೆ ಹೋಗಲಾರೆ ಎಂದು ಸುಮ್ಮನಿತ್ತು. ಅಂಗಡಿಯವನು ಯಾವ ಮೋಸವನ್ನೂ ಮಾಡಿರಲಿಲ್ಲ. ಅವನು ಕೂತಾಗ ಮೊದಲು ಕೋಲನ್ನು ನ್ಯೂಟ್ರಲ್ಲಿಗೆ ತಂದಿದ್ದ, ಅಷ್ಟೇ. ವರ್ಷಗಟ್ಟಲೆ ಉರುಳಿಸಿ ಹೊರಡಿಸಿದವನಿಗೆ ನ್ಯೂಟ್ರಲ್ಲಿನ ಅಗತ್ಯವೇ ಬಿದ್ದಿರಲಿಲ್ಲ. ಉರುಳಿಸುವವನಿಗೆ ಗೇರು ಇರಲೇಬೇಕು. ಕೀ ತಿರುಗಿಸುವವನಿಗೆ ಇರಲೇಬಾರದು.

ಉಪಾಯ ಹೇಳಿಕೊಟ್ಟವನು ಹತ್ತಿರ ಬಂದು, ಅಣ್ಣ, ನಾನು ಹೇಳಬಾರದಿತ್ತು ಎಂದ. ನೀನು ಹೇಳಿದೆ, ಇಟ್ಟದ್ದು ನಾನಲ್ಲವೇ ಎಂದು ರೈತ ಹೇಳಿದ. ಇವತ್ತೇ ನಿಮ್ಮ ಭಾವನ ಊರಿಗೆ ಹೋಗಿ ನೋಡಿದ್ದನ್ನು ನೋಡಿದ ಹಾಗೆ ಹೇಳು ಎಂದು ಅವನನ್ನು ಕಳಿಸಿಕೊಟ್ಟ.

ಒಕ್ಕಣೆ ನಿಲ್ಲಲಿಲ್ಲ. ಚೆದುರಿದ ತೆನೆಯನ್ನು ಮತ್ತೆ ಹರಡಿದರು. ರೈತ ಸುತ್ತು ಹೊಡೆಯುವಾಗ ಕಣದೊಳಗೆ ಯಾರೂ ಕಾಲಿಡಲಿಲ್ಲ. ತೆನೆ ತಿರುವಬೇಕಾದಾಗ ಅವನು ಗಾಡಿ ನಿಲ್ಲಿಸಿ, ಕೋಲನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ ಆರಿಸಿ, ಕೀಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಕೆಳಗಿಳಿಯುತ್ತಿದ್ದ. ಆಮೇಲೆಯೇ ಅವರು ಒಳಗೆ ಬರುತ್ತಿದ್ದರು. ಮುದುಕಿ ಅತ್ತೆ ಪ್ರತಿ ಸಲವೂ, ಜೇಬು ತೋರಿಸಪ್ಪ ಎನ್ನುತ್ತಿದ್ದಳು. ಅವನು ಪ್ರತಿ ಸಲವೂ ತೋರಿಸುತ್ತಿದ್ದ. ಹೊತ್ತು ಮುಳುಗುವ ಮೊದಲು ರಾಗಿ ರಾಶಿಯಾಯಿತು. ಸರದಿ ತಪ್ಪಲಿಲ್ಲ. ಹ್ಯಾಂಡ್ ಬ್ರೇಕನ್ನು ಅದೇ ವಾರ ಕಟ್ಟಿಸಿದ. ಆಮೇಲೆ ಅವನು ಗಾಡಿಯನ್ನು ಸಮತಟ್ಟಿನಲ್ಲಿ ಬಿಟ್ಟು ಬೇರೆಲ್ಲಿಯೂ ನಿಲ್ಲಿಸಲಿಲ್ಲ.

ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖದಲ್ಲಿ ತಿಳಿದವನ ನಗುವಿತ್ತು. ತಿಳಿಯಿತು, ಬಾಗಿಲು ತೆರೆಯದಿದ್ದರೆ ಒಡೆಯಬಾರದು, ಚನ್ನವೀರನನ್ನು ಪಂಕ್ತಿಯಲ್ಲಿ ನಿಲ್ಲಿಸುವುದಿಲ್ಲ ಎಂದ. ಅದು ಒಳ್ಳೆಯದು ಎಂದರು ಗುರುಗಳು. ಶಿಷ್ಯ ಏಳಲು ಹೊರಟವನು ಮತ್ತೆ ಕೂತ. ಕತೆಯಲ್ಲಿ ಒಂದು ಸಂಗತಿ ಅವನಿಗೆ ಒಪ್ಪಿಗೆಯಾಗಿರಲಿಲ್ಲ.

“ಗುರುಗಳೇ, ಆ ರೈತ ತಂತಿ ನೋಡಿದ, ಫ್ಯೂಸ್ ನೋಡಿದ, ಅಂಗಡಿಯವನನ್ನೂ ಅನುಮಾನಿಸಿದ. ಕಣ್ಣೆದುರಿಗೇ ಇದ್ದ ಗೇರಿನ ಕೋಲು ಅಷ್ಟು ಹೊತ್ತೂ ಅವನಿಗೆ ಯಾಕೆ ಕಾಣಲಿಲ್ಲ?”

“ಅದನ್ನು ಹಾಕಿದ ಕೈ ಅವನದೇ ಆಗಿತ್ತಲ್ಲ, ಮಗು.”

ಶಿಷ್ಯ ಎದ್ದು ತೋಟದ ಕಡೆ ಹೊರಟ, ಚನ್ನವೀರನಿಗೆ ತಾನು ಕೊನೆಯದಾಗಿ ಆಡಿದ ಮಾತು ಯಾವುದೆಂದು ನೆನೆಸಿಕೊಳ್ಳುತ್ತ.